ಉತ್ತರ ಒಂಬತ್ತು ಬಾರದ ಲೆಕ್ಕಗಳು

ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಹನ್ನೆರಡು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಉತ್ತರ ಒಂಬತ್ತು ಬಂದರೆ ಸಾಕು, ಎಂಟನೇ ಕ್ಲಾಸಿನ ಹಿಂದಿನ ಬೆಂಚು ಕಿಸಕ್ಕೆನ್ನುತ್ತಿತ್ತು. ಎಲ್ಲರ ಕಣ್ಣೂ ಒಬ್ಬ ಹುಡುಗನ ಮೇಲೆ. ಹೆಣ್ಣಿಗ ಅಂತ ಹಂಗಿಸುವ ಬೈಗುಳ ಅದು; ಆ ಅಂಕಿಯಲ್ಲಿ ಬೈಸಿಕೊಂಡವರಿಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹೈಸ್ಕೂಲಿನಲ್ಲಿ ನನ್ನ ಹೆಸರೂ ಅದೇ ಆಗಿತ್ತು. ಹಾಗಾಗಿ ಉತ್ತರ ಒಂಬತ್ತು ಬಾರದಂತೆ ಲೆಕ್ಕ ಕಟ್ಟುತ್ತಿದ್ದೆ. ವರ್ಗಸಂಖ್ಯೆ ಶುರು ಮಾಡುವಾಗ ಮೂರನ್ನು ಹಾರಿಸಿ ನಾಲ್ಕಕ್ಕೆ ಹೋಗುತ್ತಿದ್ದೆ. ನಗಬೇಡಿ.

ನಾನು ಗೇ. ಸ್ಟಾಫ್ ರೂಮಿನಲ್ಲಿ "ಹುಡುಗಿ ನೋಡ್ತಿದ್ದೀರಾ ಸಾರ್?" ಅಂದರೆ "ಜಾತಕ ಕೂಡಿಬರ್ತಿಲ್ಲ ಮೇಡಂ" ಅನ್ನುತ್ತಿದ್ದೆ. ಮನೆಯಲ್ಲಿದ್ದ ಸಂಗಾತಿ ಆರು ವರ್ಷ 'ರೂಮ್‌ಮೇಟ್' ಆಗಿದ್ದ.

ಹೆದರಿಕೆ ಸುಮ್ಮನೆ ಬಂದದ್ದಲ್ಲ. 2010ರಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಮರಾಠಿ ಪ್ರಾಧ್ಯಾಪಕ ರಾಮಚಂದ್ರ ಸಿರಸ್ ಇನ್ನೊಬ್ಬ ಗಂಡಸಿನ ಜೊತೆಗಿದ್ದಾಗ ಅವರ ಮನೆಗೆ ಕ್ಯಾಮೆರಾ ಹಿಡಿದು ನುಗ್ಗಿದರು. ಅಮಾನತಾದದ್ದು ಸಿರಸ್ ಅವರೇ. ಹೈಕೋರ್ಟ್ ತಡೆ ಕೊಟ್ಟ ವಾರದೊಳಗೆ ಅವರು ಹೆಣವಾಗಿ ಸಿಕ್ಕರು. 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧ ಅಪರಾಧವಲ್ಲವೆಂದ 377ನೇ ಕಲಮಿನ ತೀರ್ಪು ಬಂದಾಗ, ಹಿಂದಿನ ದಿನದ ಶಿಕ್ಷಕರ ದಿನಾಚರಣೆಯಲ್ಲಿ ಉಳಿದ ಮೈಸೂರುಪಾಕು ಇನ್ನೂ ಮೇಜಿನ ಮೇಲಿತ್ತು. "ಇನ್ನು ಇಂಥವರು ಶಾಲೆಗೂ ಬರ್ತಾರೆ" ಅಂದರು ಒಬ್ಬರು. ನಾನೊಂದು ತುಂಡು ಬಾಯಿಗೆ ಹಾಕಿಕೊಂಡು ಸುಮ್ಮನಾದೆ.

ಕೆಲ ವರ್ಷದ ಮೇಲೆ ಒಂದು ಕಿರುಪರೀಕ್ಷೆ. ಪ್ರಶ್ನೆಪತ್ರಿಕೆ ಬೇರೆಯವರದು, 81ರ ವರ್ಗಮೂಲ ಕೇಳಿದ್ದರು. ಆ ಹುಡುಗ ಹಂತಗಳನ್ನೆಲ್ಲ ಸರಿಯಾಗಿ ಬರೆದು ಕೊನೆಯ ಸಾಲು ಮಾತ್ರ ಖಾಲಿ ಬಿಟ್ಟಿದ್ದ. ತಿದ್ದುವ ಪೆನ್ನು ಅಲ್ಲೇ ನಿಂತಿತು. ಇದನ್ನು ಕಲಿಸಿದವನು ನಾನೇ.

ಮರುದಿನ ಎಚ್‌ಎಂ ಮೇಡಂ ಹತ್ತಿರ ಹೋಗಿ ನನ್ನ ವಿಷಯ ಹೇಳಿದೆ. "ಪೇರೆಂಟ್ಸ್ ಕೇಳಿದ್ರೆ ನಾನು ನೋಡ್ಕೋತೀನಿ" ಅಂದರು. ಅಲ್ಲೊಂದು ತಪ್ಪು ಮಾಡಿದೆ: ಆಡಿದ ಮಾತನ್ನೇ ಬರೆದು ಇಮೇಲ್ ಹಾಕಲಿಲ್ಲ. ವರ್ಷದೊಳಗೆ ಅವರು ಬಿಟ್ಟು ಹೋದರು, ಹೊಸಬರ ಮುಂದೆ ಮತ್ತೆ ಮೊದಲಿಂದ ಹೇಳಬೇಕಾಯಿತು. ಉದ್ಯೋಗದಲ್ಲಿ ತಾರತಮ್ಯ ಕೂಡದೆನ್ನುವ 2019ರ ಕಾಯ್ದೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ. ಖಾಸಗಿ ಶಾಲೆಯ ಗೇ ಮೇಷ್ಟ್ರಿಗೆ ಅಂಥ ಕಲಮಿಲ್ಲ. (ಅಂದಹಾಗೆ ಅದರಲ್ಲಿ ಈ ಮಾತಿರುವುದು 9ನೇ ಕಲಮಿನಲ್ಲೇ!) ನಮಗೆ ಕೈಯಲ್ಲೊಂದು ಕಾಗದ ಇರಲೇಬೇಕು.

ಆ ವಾರವೇ ಬೋರ್ಡಿನ ಮೇಲೆ 81ರ ವರ್ಗಮೂಲ ಬಿಡಿಸಿದೆ. ಕಿಸಕ್ ಅಂತು. "ನಂಗೂ ಹೈಸ್ಕೂಲಲ್ಲಿ ಇದೇ ಹೆಸರಿಟ್ಟಿದ್ರು, ಆ ಮಾತು ಸುಳ್ಳೇನೂ ಅಲ್ಲ" ಅಂದೆ. ಫ್ಯಾನ್ ಸದ್ದು ಬಿಟ್ಟರೆ ಏನೂ ಇಲ್ಲ. 144ರ ಲೆಕ್ಕಕ್ಕೆ ಹೋದೆ.

ಸಂಜೆಯೊಳಗೆ ಇಬ್ಬರು ಪೋಷಕರ ಫೋನ್ ಬಂತು. ಒಬ್ಬರದು ದೂರು. ಇನ್ನೊಬ್ಬರು ಕೇಳಿದ್ದು, ಶನಿವಾರ ಟ್ಯೂಷನ್ ಹೇಳ್ತೀರಾ ಸಾರ್ ಅಂತ.