ಹಂಪ್ ಬಂತು, ಇಳೀರಿ

ತಿಪಟೂರಿನಿಂದ ಬೆಂಗಳೂರಿಗೆ ಹೆಚ್ಚುಕಮ್ಮಿ 140 ಕಿಲೋಮೀಟರ್. 2016ರ ಒಂದು ಭಾನುವಾರ ಅದರಲ್ಲಿ ಅರ್ಧ ಕಿಲೋಮೀಟರನ್ನಾದರೂ ನಮ್ಮಪ್ಪ ನಡೆದೇ ಬಂದರು. ಗಾಡಿ ಕೆಟ್ಟಿರಲಿಲ್ಲ. ನಾನೇ ಕೆಡಿಸಿದ್ದೆ.

ನನ್ನದು 2008ರ ಸ್ವಿಫ್ಟ್ ವಿಎಕ್ಸ್‌ಐ, ಸೆಕೆಂಡ್ ಹ್ಯಾಂಡ್. ಇಂಜಿನ್ ಚೆನ್ನಾಗಿತ್ತು, ಬಾಡಿ ಚೆನ್ನಾಗಿತ್ತು. ಕಣ್ಣಿಗೆ ಚುಚ್ಚುತ್ತಿದ್ದದ್ದು ಒಂದೇ. ಟೈರಿಗೂ ಅದರ ಮೇಲಿನ ಫೆಂಡರಿಗೂ ನಡುವೆ ನಾಲ್ಕು ಬೆರಳು ಆರಾಮಾಗಿ ಹೋಗುತ್ತಿತ್ತು. ಪ್ಯಾಂಟು ಗಿಡ್ಡ ಆದ ಹೈಸ್ಕೂಲ್ ಹುಡುಗನ ಹಾಗೆ ನಿಂತಿರುತ್ತಿತ್ತು ಗಾಡಿ. ಫೋನಿನಲ್ಲಿ ನೋಡುತ್ತಿದ್ದ ಕಾರುಗಳೆಲ್ಲ ನೆಲಕ್ಕೆ ಅಂಟಿಕೊಂಡಂತೆ ಕೂತಿರುತ್ತಿದ್ದವು. ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಮುಗೀತು, ಬೇರೆ ಏನೂ ಕಾಣಿಸಲ್ಲ.

ಗಾಡಿಯನ್ನು ನೆಲದ ಹತ್ತಿರಕ್ಕೆ ಇಳಿಸೋಕೆ ಲೋವರಿಂಗ್ ಸ್ಪ್ರಿಂಗ್ ಅಂತ ರೆಡಿಮೇಡ್ ಸಿಗುತ್ತದೆ ಅಂತ ಗೊತ್ತಿತ್ತು. ರೇಟ್ ಕೇಳಿ ಸುಮ್ಮನಾಗಿದ್ದೆ. ಮನೆ ಹತ್ತಿರದ ಗ್ಯಾರೇಜಿನಲ್ಲಿ ಇನ್ನೊಂದು ದಾರಿ ಹೇಳಿದರು. "ಹೊಸದು ಯಾಕೆ ಸಾರ್? ಇರೋದನ್ನೇ ಕಟ್ ಮಾಡಿದ್ರಾಯ್ತು." ಅರ್ಧ ದಿನದ ಕೆಲಸ. ಕಟಿಂಗ್ ಮೆಷಿನ್ನಿನ ಕಿಡಿ ಹಾರುವಾಗ ಒಂಥರಾ ಖುಷಿಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಮುಂದೆ ಒಂದೂವರೆ ಸುತ್ತು, ಹಿಂದೆ ಒಂದು ಸುತ್ತು ಹೋಯಿತು. ಅದರ ಜೊತೆ 15 ಇಂಚಿನ ಅಲಾಯ್ ಚಕ್ರ, ಪಕ್ಕದ ಗೋಡೆ ಗಿಡ್ಡ ಇರುವ 195/55 ಟೈರು. ಈಗ ಸಂದಿಯಲ್ಲಿ ಒಂದು ಬೆರಳು ತೂರಿಸುವುದೂ ಕಷ್ಟ.

ಒಂದು ವಾರ ಸ್ವರ್ಗ. ನಮ್ಮ ಲೇಔಟಿನ ರಸ್ತೆಗೆ ಆಗಷ್ಟೇ ಡಾಂಬರು ಹಾಕಿದ್ದರು, ಅಲ್ಲೇ ಸುತ್ತು ಹೊಡೆದದ್ದೂ ಹೊಡೆದದ್ದೇ. ನನ್ನ ಹೆಂಡತಿ ಮಾತ್ರ ಎರಡನೇ ದಿನವೇ ಕೇಳಿದಳು, "ನೋಡೋಕೆ ಚೆನ್ನಾಗಿದೆ. ಆದ್ರೆ ಮಾತಾಡುವಾಗ ದನಿ ಯಾಕೆ ನಡುಗುತ್ತೆ?"

ಅಷ್ಟರಲ್ಲಿ ತಿಪಟೂರಿನ ದೊಡ್ಡಮ್ಮನ ಮನೆ ಗೃಹಪ್ರವೇಶ ಬಂತು. ಅಪ್ಪ, ಅಮ್ಮ ಹಿಂದೆ. ನಾವಿಬ್ಬರು ಮುಂದೆ. ಅಮ್ಮನ ತೊಡೆ ಮೇಲೆ ಒಂದು ಸ್ಟೀಲ್ ಡಬ್ಬ, ಅದರ ತುಂಬ ದೊಡ್ಡಮ್ಮನಿಗೆ ಅಂತ ಮಾಡಿದ್ದ ಚಕ್ಕುಲಿ.

ಪೀಣ್ಯದ ಉದ್ದನೆಯ ಫ್ಲೈಓವರ್ ಹತ್ತಿದಾಗಲೇ ಶುರುವಾಯಿತು. ಅದರ ಮೇಲೆ ಅಷ್ಟಷ್ಟು ದೂರಕ್ಕೆ ಜಾಯಿಂಟ್ ಇದೆಯಲ್ಲ, ಮಾಮೂಲಿ ಗಾಡಿಯಲ್ಲಿ ಅದು ಗೊತ್ತಾಗುವುದೂ ಇಲ್ಲ. ನಮಗೆ ಒಂದೊಂದೂ ಬೆನ್ನಿಗೆ ಗುದ್ದಿದ ಹಾಗೆ. ಡಪ್. ಡಪ್. ಡಪ್. ಅಪ್ಪ ಏನೂ ಅನ್ನಲಿಲ್ಲ, ಕಿಟಕಿಯ ಮೇಲಿನ ಹಿಡಿ ಹಿಡಿದುಕೊಂಡರು. ತುಮಕೂರು ದಾಟಿ ಹಳೆಯ 206ನೇ ಹೆದ್ದಾರಿಗೆ ತಿರುಗಿದ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡರು.

ತಿಪಟೂರಿನಲ್ಲಿ ಡಬ್ಬ ತೆಗೆದರೆ ಒಂದೇ ಒಂದು ಚಕ್ಕುಲಿ ಇಡಿಯಾಗಿ ಉಳಿದಿರಲಿಲ್ಲ. ತಳದಲ್ಲಿದ್ದದ್ದು ಹಿಟ್ಟೇ ಆಗಿತ್ತು. ಅಮ್ಮನ ಮುಖ ನೋಡಿ ದೊಡ್ಡಮ್ಮ, "ಇರಲಿ ಬಿಡೆ, ಅವಲಕ್ಕಿಗೆ ಹಾಕ್ಕೊಂಡು ತಿನ್ನೋಣ" ಅಂದರು. ಅದು ಇನ್ನೂ ಜಾಸ್ತಿ ಚುಚ್ಚಿತು ಅನ್ನಿಸುತ್ತೆ. ಆಮೇಲೆ ಅಮ್ಮ ನನ್ನ ಜೊತೆ ಊಟದ ತನಕ ಮಾತಾಡಲಿಲ್ಲ.

ನಿಜವಾದ ಕಥೆ ವಾಪಸ್ ಬರುವಾಗ. ತಿಪಟೂರಿಗೆ ಹೋಗಿ ಬರಿಗೈಲಿ ಬಂದವರುಂಟೇ? ದೊಡ್ಡಪ್ಪ ಡಿಕ್ಕಿಗೆ ಎರಡು ಚೀಲ ಸುಲಿದ ತೆಂಗಿನಕಾಯಿ ಹಾಕಿಸಿದರು, 120 ಕಾಯಿ. ಕಾಯಿ ಅರ್ಧ ಕೇಜಿ ಅಂತ ಹಿಡಿದರೂ 60 ಕೇಜಿ. ಮೇಲೆ ಅಪ್ಪ, ಅಮ್ಮ. ಗಾಡಿಯ ಹಿಂಭಾಗ ಕುಕ್ಕರಗಾಲಲ್ಲಿ ಕೂತಂತೆ ಕೂತುಬಿಟ್ಟಿತು.

ಊರಾಚೆಯ ಮೊದಲ ಹಂಪಿನಲ್ಲೇ ಕರ್ರ್ ಅಂತ ಹೊಟ್ಟೆ ಉಜ್ಜಿತು. ಹಿಂದಿನ ಟೈರು ಮೇಲೆ ತಾಗಿ ಸುಟ್ಟ ರಬ್ಬರಿನ ವಾಸನೆ. ಎರಡನೆಯ ಹಂಪಿಗೆ ನಾನು ನಿಲ್ಲಿಸಿ, ಹಿಂದೆ ತಿರುಗಿ ನೋಡದೆ ಹೇಳಿದೆ, "ಅಪ್ಪ, ಒಂದ್ನಿಮಿಷ ಇಳೀತೀರಾ?"

ಇಳಿದರು. ಅಮ್ಮನೂ ಇಳಿದಳು. ನಾನು ಗಾಡಿಯನ್ನು ಓರೆಯಾಗಿ ತಿರುಗಿಸಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸುವುದು. ಅವರು ಆ ಕಡೆ ನಡೆದು ಬಂದು ಹತ್ತುವುದು. ಹೀಗೆ 17 ಹಂಪ್. ಲೆಕ್ಕ ಅಪ್ಪನದು. ಒಂದು ಹಳ್ಳಿಯ ಟೀ ಅಂಗಡಿ ಮುಂದೆ ಕೂತಿದ್ದ ಒಬ್ಬರು, "ಏನ್ ಯಜಮಾನ್ರೇ, ಗಾಡಿ ತಳ್ಬೇಕಾ?" ಅಂತ ಎದ್ದೇ ಬಂದರು. ಅಪ್ಪ ಕೈ ಆಡಿಸಿ, "ಏನಿಲ್ಲ, ಮಗ ಗಾಡಿ ಇಳಿಸಿದಾನೆ. ಅದಕ್ಕೆ ನಾನೂ ಇಳ್ದೆ" ಅಂದರು. ಇಡೀ ಅಂಗಡಿ ನಕ್ಕಿತು. ಗುಬ್ಬಿಯಲ್ಲಿ ಅಮ್ಮ ಚನ್ನಬಸವೇಶ್ವರನಿಗೆ ಒಂದು ಕಾಯಿ ಒಡೆಸಿದಳು. "ಸರಿ, ಅಷ್ಟು ಭಾರ ಕಮ್ಮಿ ಆಯ್ತು" ಅಂತ ಅದಕ್ಕೂ ಅಪ್ಪನದೇ ಮಾತು.

ಹಂಪಿನದೂ ತಪ್ಪಿದೆ ಅಂತ ಇವತ್ತಿಗೂ ನನ್ನ ವಾದ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆ ಪ್ರಕಾರ ಹಂಪ್ 10 ಸೆಂಟಿಮೀಟರ್ ಎತ್ತರ, ಗಾಡಿ ಹೋಗುವ ದಿಕ್ಕಿಗೆ 3.7 ಮೀಟರ್ ಅಗಲ ಇರಬೇಕು. ಸ್ವಿಫ್ಟಿನ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 2.39 ಮೀಟರ್. ಅಂದರೆ ಅಳತೆಯ ಹಂಪಿನ ಮೇಲೆ ಗಾಡಿ ಪೂರ್ತಿ ಹತ್ತಿ ಪೂರ್ತಿ ಇಳಿಯುತ್ತದೆ, ಹೊಟ್ಟೆ ತಾಗುವ ಪ್ರಶ್ನೆ ಕಮ್ಮಿ. ಊರಿನವರು ರಾತ್ರೋರಾತ್ರಿ ಹಾಕಿಸುವ ಹಂಪ್ ಹಾಗಲ್ಲ, ಅದೊಂದು ಗೋಡೆ. ಮುಂದಿನ ಚಕ್ರ ಆ ಕಡೆ, ಹಿಂದಿನದು ಈ ಕಡೆ, ಹೊಟ್ಟೆ ನಡುವೆ. ಆದರೆ ಕಂಪನಿ ಕೊಟ್ಟಿದ್ದ 170 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸಿನಲ್ಲಿ ಅದೇ ಗೋಡೆಗಳನ್ನು ಎಷ್ಟು ಸಲ ದಾಟಿಲ್ಲ ನಾನು!

ಮುಂದಿನ ಶನಿವಾರ ಜೆ.ಸಿ. ರಸ್ತೆಯ ಪಕ್ಕದ ಒಂದು ಗಲ್ಲಿಗೆ ಹೋದೆ. ಬರೀ ಸಸ್ಪೆನ್ಷನ್ ಕೆಲಸ ಮಾಡುವ ವಯಸ್ಸಾದ ಮೆಕ್ಯಾನಿಕ್. ಮೊದಲು ಬಾನೆಟ್ಟಿನ ಮೂಲೆ ಒತ್ತಿ ಬಿಟ್ಟರು. ಗಾಡಿ ಮೂರು ಸಲ ತಲೆ ಆಡಿಸಿತು. "ಒಂದು ಸಲ ಎದ್ದು ನಿಲ್ಬೇಕು ಸಾರ್. ಶಾಕ್ಸ್ ಮುಗ್ದಿದೆ." ಶಾಕ್ಸ್ ಅಂದರೆ ಸ್ಪ್ರಿಂಗಿನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್. ಆಮೇಲೆ ಹಿಂದೆ ಜ್ಯಾಕ್ ಕೊಟ್ಟು ಎತ್ತಿದರು. ಚಕ್ರ ಜೋತುಬಿತ್ತು. ಅವರು ಎರಡು ಬೆರಳಿನಲ್ಲಿ ಸ್ಪ್ರಿಂಗ್ ಹಿಡಿದು ತಿರುಗಿಸಿದರು. ಅಷ್ಟು ದಪ್ಪ ಕಬ್ಬಿಣ, ಕೈಬಳೆ ತಿರುಗಿದ ಹಾಗೆ ಗರಗರ ತಿರುಗಿತು. ನನಗೆ ಹೊಟ್ಟೆಯೊಳಗೆ ಏನೋ ಆಯಿತು. ಸ್ವಿಫ್ಟಿನಲ್ಲಿ ಹಿಂದಿನ ಸ್ಪ್ರಿಂಗ್ ಶಾಕ್ಸಿನಿಂದ ಬೇರೆಯಾಗಿ, ಮೇಲೊಂದು ಕೆಳಗೊಂದು ಬಟ್ಟಲಿನಂಥ ಸೀಟಿನ ನಡುವೆ ಕೂತಿರುತ್ತದೆ. ಕಟ್ ಮಾಡಿ ಗಿಡ್ಡ ಮಾಡಿದರೆ ಚಕ್ರ ಕೆಳಗೆ ಇಳಿದಾಗ ಅದಕ್ಕೆ ಹಿಡಿತವೇ ಇಲ್ಲ. ಸ್ಪೀಡಿನಲ್ಲಿ ದೊಡ್ಡ ಗುಂಡಿ ಬಂದರೆ ಸೀಟ್ ಬಿಟ್ಟು ಜರುಗಬಹುದು. ಅಂಥ ಗಾಡಿಯಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗಿ ಬಂದಿದ್ದೆ.

ಆಮೇಲೆ ಬಂಪ್ ಸ್ಟಾಪ್ ತೆಗೆದು ಕೈಗೆ ಕೊಟ್ಟರು. ಚಕ್ರ ತೀರಾ ಮೇಲೆ ಬಂದಾಗ ಕಬ್ಬಿಣಕ್ಕೆ ಕಬ್ಬಿಣ ಹೊಡೆಯದಿರಲಿ ಅಂತ ಇಟ್ಟ ರಬ್ಬರಿನಂಥ ತುಂಡು. ಯಾವಾಗಲೋ ಒಮ್ಮೆ ಕೆಲಸಕ್ಕೆ ಬರಬೇಕಾದದ್ದು. ನಮ್ಮದು ಶಾಲೆ ಮಕ್ಕಳ ಹಳೇ ಅಳಿಸೋ ರಬ್ಬರಿನ ಹಾಗೆ ಚಪ್ಪಟೆಯಾಗಿ, ಅಂಚಿನಲ್ಲಿ ಪುಡಿ ಪುಡಿ ಉದುರುತ್ತಿತ್ತು. "ಇದರ ಮೇಲೇ ಕೂತ್ಕೊಂಡು ಓಡಾಡಿದೀರ ನೀವು, ಸ್ಪ್ರಿಂಗ್ ಮೇಲಲ್ಲ" ಅಂದರು.

ನಾನು ಅಲ್ಲಿ ತನಕ ಅಂದುಕೊಂಡಿದ್ದೇ ಬೇರೆ. ಸ್ಪ್ರಿಂಗ್ ಕತ್ತರಿಸಿದರೆ ಗಟ್ಟಿಯಾಗುತ್ತದೆ, ನಿಜ. ಆರು ಸುತ್ತಿನಲ್ಲಿ ಒಂದೂವರೆ ಹೋದರೆ ಮೂರನೇ ಒಂದು ಪಾಲು ಜಾಸ್ತಿ ಗಟ್ಟಿ. ಅದನ್ನಾದರೂ ಬೆನ್ನು ತಡೆದುಕೊಳ್ಳುತ್ತೆ. ತಡೆಯಲಾಗದ್ದು ಜಾಗ ಇಲ್ಲದಿರುವುದು. ಹಂಪ್ ಬಂದಾಗ ಚಕ್ರ ಮೇಲೆ ಹೋಗಬೇಕು, ನಾವು ಕೂತ ಕಡೆ ಕೂತಿರಬೇಕು. ನನ್ನ ಕಣ್ಣಿಗೆ ಚುಚ್ಚುತ್ತಿದ್ದ ಆ ನಾಲ್ಕು ಬೆರಳು ಸಂದಿ ಚಕ್ರ ಆಡುವ ಅಂಗಳ. ಅದನ್ನೇ ಮುಚ್ಚಿಸಿದ್ದೆ.

"ಪೂರ್ತಿ ಹಳೇದೇ ಮಾಡ್ಲಾ?" ಅಂತ ಅವರೇ ಕೇಳಿದರು. ಒಂದು ಕ್ಷಣ ಸುಮ್ಮನಿದ್ದೆ. ಅಷ್ಟೆಲ್ಲ ಆದ ಮೇಲೂ ಆ ಗಿಡ್ಡ ಪ್ಯಾಂಟಿನ ಹುಡುಗ ಬೇಡ ಅಂತಲೇ ಮನಸ್ಸು. ಅವರು ನಕ್ಕು, 25 ಮಿಲಿಮೀಟರ್ ಮಾತ್ರ ಇಳಿಸುವ ಸ್ಪ್ರಿಂಗ್ ತೋರಿಸಿದರು. ಒಂದು ತುದಿಯಲ್ಲಿ ಸುತ್ತುಗಳು ಹತ್ತಿರ ಹತ್ತಿರ, ಇನ್ನೊಂದು ತುದಿಯಲ್ಲಿ ದೂರ ದೂರ. ಸಣ್ಣ ಏಟಿಗೆ ಮೆತ್ತಗೆ, ದೊಡ್ಡದಕ್ಕೆ ಗಟ್ಟಿ. ಅದಕ್ಕೆ ಹೊಂದುವ ಹೊಸ ಶಾಕ್ಸ್, ಹೊಸ ಬಂಪ್ ಸ್ಟಾಪ್. ಮೊದಲು ಉಳಿಸಿದ್ದೆ ಅಂದುಕೊಂಡ ದುಡ್ಡಿನ ಹತ್ತರಷ್ಟು ಆಯಿತು, ಹೆಂಡತಿಗೆ ಹೇಳಿದ್ದು ಐದರಷ್ಟು.

ಟೈರಿನ ವಿಷಯದಲ್ಲಿ ನಾನು ಇನ್ನೂ ದಡ್ಡ. ಕಂಪನಿ ಕೊಟ್ಟದ್ದು 165/80 ಆರ್14, ಅಂದರೆ ಅಗಲ 165 ಮಿಲಿಮೀಟರ್, ಪಕ್ಕದ ಗೋಡೆ ಅದರ ಶೇಕಡಾ 80, ಲೆಕ್ಕ ಹಾಕಿದರೆ 132 ಮಿಲಿಮೀಟರ್. ನಾನು ಹಾಕಿಸಿದ್ದರಲ್ಲಿ 107. ಒಂದು ಇಂಚು ಗಾಳಿ ದಿಂಬು ಅಲ್ಲೇ ಮಾಯ. ಟೈರ್ ಒಟ್ಟಾರೆ ಚಿಕ್ಕದಾಗಿದ್ದರಿಂದ ಗಾಡಿ ಇನ್ನೂ 12 ಮಿಲಿಮೀಟರ್ ಕೆಳಗೆ ಹೋಗಿತ್ತು, ಅದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಒಳಗಿನ ಅಂಚು ಬೇರೆ ಸವೆಯತೊಡಗಿತ್ತು, ಇಳಿಸಿದ ಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿಯೇ ಇರಲಿಲ್ಲ. ಅದೇ ಅಲಾಯಿಗೆ 185/65 ಹಾಕಿಸಿದೆ. ಎತ್ತರ ಹಳೇ ಟೈರಿನಷ್ಟೇ, ಗೋಡೆ 120. ಬಂಕಿನ ಹುಡುಗ ತುಂಬಿದ್ದ 36ರ ಗಾಳಿಯನ್ನು ಮೆಕ್ಯಾನಿಕ್ 30ಕ್ಕೆ ಇಳಿಸಿದರು. ಬಿಟ್ಟಿ ಸಿಗುವ ಸುಖ ಅದೊಂದೇ.

ಒಂದು ಮಾತು ಸೇರಿಸಬೇಕು. ಆರ್‌ಸಿ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಕಾನೂನು ಒಪ್ಪದ ಬದಲಾವಣೆ ಮಾಡಿಸಿದರೆ ಒಂದೊಂದಕ್ಕೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಜೈಲು, ಇಲ್ಲವೇ ಎರಡೂ ಅಂತ 2019ರಲ್ಲಿ ಸೇರಿಸಿದ್ದಾರೆ. ನಾನು ಕಟಿಂಗ್ ಮೆಷಿನ್ ಮುಂದೆ ನಿಂತಾಗ ಆ ದಂಡ ಇನ್ನೂ ಬಂದಿರಲಿಲ್ಲ, ಕಾಯ್ದೆಯ ಯೋಚನೆಯೂ ನನಗಿರಲಿಲ್ಲ.

ಮೂರು ತಿಂಗಳ ಮೇಲೆ ಮತ್ತೆ ತಿಪಟೂರು. ಅಮ್ಮ ಈ ಸಲ ಚಕ್ಕುಲಿ ಮಾಡಲಿಲ್ಲ, ರವೆ ಉಂಡೆ ಮಾಡಿದಳು. ಪೂರ್ತಿ ನಂಬಿಕೆ ಬಂದಿರಲಿಲ್ಲ ಅಂತ ಕಾಣುತ್ತೆ. ವಾಪಸ್ ಬರುವಾಗ ಡಿಕ್ಕಿಯಲ್ಲಿ ಒಂದು ಚೀಲ ಕಾಯಿ. ಆ ಮೊದಲ ಹಂಪ್ ಬಂತು. ನಾನು ನಿಧಾನ ಮಾಡಿದ್ದೇ ತಡ, ಹಿಂದೆ ಬಾಗಿಲು ತೆರೆದ ಸದ್ದು.

"ಅಪ್ಪ, ಇಳಿಯೋದು ಬೇಡ. ಈಗ ತಾಗಲ್ಲ."

"ನೀನು ಹೋಗೋ, ನಾನು ನೋಡ್ತೀನಿ."

ರಸ್ತೆ ಬದಿಯಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು, ಮಂಡಿ ಮೇಲೆ ಕೈಯಿಟ್ಟು ಬಗ್ಗಿ ನಿಂತರು. ನಾನು ನೇರವಾಗಿ ಹತ್ತಿಸಿ ಇಳಿಸಿದೆ. ಅಪ್ಪ ಹಂಪ್ ದಾಟಿ ನಡೆದು ಬಂದು, ಹತ್ತಿ ಕೂತು, ಬಾಗಿಲು ಹಾಕಿಕೊಂಡರು.

"ಮೂರು ಬೆರಳು ಜಾಗ ಇದೆ. ದೊಡ್ಡಪ್ಪ ಕೊಟ್ಟಿದ್ದ ಇನ್ನೊಂದು ಚೀಲಾನ ಯಾಕೋ ಬಿಟ್ಟು ಬಂದೆ?"