ಅಮ್ಮನ ಕ್ಯಾನ್ಸರ್ ನಂಗೂ ಬರತ್ತಾ?

ಅಮ್ಮಂಗೆ ಬ್ರೆಸ್ಟ್ ಕ್ಯಾನ್ಸರ್ ಅಂತ ಗೊತ್ತಾದ ವಾರದಲ್ಲೇ ಸೋದರತ್ತೆ ಬಂದು ಅವಳ ತಟ್ಟೆ ಲೋಟ ಬೇರೆ ಇಡ್ರೇ ಅಂದ್ರು, ಮೊಮ್ಮಕ್ಕಳಿಗೆ ಅಂಟ್ಕೊಳ್ಳತ್ತಂತೆ! ಇದೇನು ನೆಗಡೀನಾ? ಕ್ಯಾನ್ಸರ್ ಹರಡೋದು ಆ ಮೈಯೊಳಗೇ, ಗಡ್ಡೆಯಿಂದ ಒಂದಷ್ಟು ಜೀವಕೋಶ ಕಳಚ್ಕೊಂಡು ರಕ್ತದಲ್ಲೋ ದುಗ್ಧರಸದ (ಲಿಂಫ್) ನಾಳದಲ್ಲೋ ಸೇರಿ ಇನ್ನೆಲ್ಲೋ ಹೋಗಿ ಬೇರು ಬಿಡತ್ತೆ, ಅದಕ್ಕೇ ಡಾಕ್ಟ್ರು ಆ ನಾಳ ಹಾದುಹೋಗೋ ಕಂಕುಳಲ್ಲಿ ಗಂಟಿದ್ಯಾ ಅಂತ ನೋಡೋದು. ಮೂಳೆಗೆ ಹೋದ್ರೂ ಅದನ್ನ ಬ್ರೆಸ್ಟ್ ಕ್ಯಾನ್ಸರ್ ಅಂತಾನೇ ಕರೀತಾರೆ, ಟ್ರೀಟ್‌ಮೆಂಟೂ ಅದರದ್ದೇ.

ನನ್ನ ನಿದ್ದೆ ಕೆಡ್ಸಿದ್ದು ಮಾತ್ರ ಬೇರೆ. ಚಿಕ್ಕಮ್ಮಂಗೆ ಓವರಿ ಕ್ಯಾನ್ಸರ್ ಆಗಿತ್ತಲ್ಲ, ಈಗ ಅಮ್ಮ, ಆಮೇಲೆ ನಾನಾ? ಒಟ್ಟು ಕ್ಯಾನ್ಸರ್‌ಗಳಲ್ಲಿ ವಂಶವಾಹಿಯಿಂದ ಬರೋದು ಸುಮಾರು 5ರಿಂದ 10 ಪರ್ಸೆಂಟ್ ಅಷ್ಟೇ, ಮಿಕ್ಕಿದ್ದು ವಯಸ್ಸು, ತಂಬಾಕು, ಸುಮ್ನೆ ದುರದೃಷ್ಟ. ಆದ್ರೆ ಬ್ರೆಸ್ಟು ಓವರಿ ಎರಡೂ ಒಂದೇ ಮನೇಲಿ ಕಂಡ್ರೆ ಬಿಆರ್‌ಸಿಎ ಅನ್ನೋ ಜೀನ್ (ಇದರಲ್ಲಿ ದೋಷ ಇದ್ರೆ ಈ ಎರಡೂ ಕ್ಯಾನ್ಸರ್ ರಿಸ್ಕ್ ಜಾಸ್ತಿ) ಟೆಸ್ಟ್ ಮಾಡ್ಸಿ ಅಂತಾರೆ. ತಾಯಿಗೆ ಆ ಜೀನಲ್ಲಿ ದೋಷ ಇದ್ರೆ ಪ್ರತಿ ಮಗುಗೂ ಬರೋ ಚಾನ್ಸು 50 ಪರ್ಸೆಂಟ್, ಗಂಡು ಹೆಣ್ಣು ಭೇದ ಇಲ್ಲ, ಅಂದ್ರೆ ನಮ್ಮಣ್ಣನೂ ಲೆಕ್ಕದಲ್ಲಿದಾನೆ, ಅವ್ನು ನಂಬ್ತಾನೇ ಇಲ್ಲ. ದೋಷ ಬಂದ್ರೂ ಕ್ಯಾನ್ಸರ್ ಬಂದೇ ಬರತ್ತೆ ಅಂತಿಲ್ಲ, ರಿಸ್ಕ್ ಜಾಸ್ತಿ ಅಷ್ಟೇ.

ಮೊದ್ಲು ಟೆಸ್ಟ್ ಮಾಡೋದು ಕಾಯಿಲೆ ಇರೋರಿಗೆ. ಅಮ್ಮ ನಿನ್ನೆ ರಕ್ತ ಕೊಟ್ಟು ಬಂದ್ಲು, ಆಟೋದಲ್ಲಿ "ನಿಂಗೆ ಏನ್ ಕೊಟ್ಟಿದೀನೋ ಏನೋ" ಅಂದ್ಲು. ರಿಪೋರ್ಟ್ ಇನ್ನೂ ಬಂದಿಲ್ಲ.