ಸುರತ್ಕಲ್‌ನಿಂದ ಬಿಡದಿಗೆ: ರೋಲರ್ ಕೋಸ್ಟರ್ ಹತ್ತುವವರು ಯಾವ ಸೀಟು ಹಿಡಿಯಬೇಕು, ಎಷ್ಟು ಇಡ್ಲಿ ತಿನ್ನಬೇಕು

ದಸರಾ ರಜೆಯಲ್ಲಿ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ಮತ್ತು ನಾನು ಬೆಂಗಳೂರು ಹತ್ತಿರದ ಬಿಡದಿಯ ವಂಡರ್‌ಲಾ ಅನ್ನುವ ಆಟದ ಪಾರ್ಕಿಗೆ ಹೋಗಿ ಬಂದೆವು. ಒಂದು ರಾತ್ರಿ ಬಸ್ಸು, ಒಂದು ಇಡೀ ಹಗಲು ಆಟ, ಮರು ರಾತ್ರಿ ಮತ್ತೆ ಬಸ್ಸು. ಊರಿಗೆ ಬಂದ ಮೇಲೆ ಸಿಕ್ಕವರೆಲ್ಲ ಕೇಳಿದ್ದು ಟಿಕೆಟ್ ಎಷ್ಟು ಅಂತ. ಅದು ದಿನ ನೋಡಿಕೊಂಡು ಬದಲಾಗುತ್ತದೆ, ಮೊಬೈಲಿನಲ್ಲೇ ನೋಡಿ ಮುಂಚೆ ಬುಕ್ ಮಾಡಿ, ಮುಗಿಯಿತು. ನಾನು ಹೇಳಬೇಕು ಅಂತಿರುವುದು ಬೇರೆ. ಅಷ್ಟು ದೂರ ಹೋಗಿ, ಅಷ್ಟು ಹೊತ್ತು ಕ್ಯೂ ನಿಂತು, ಎರಡು ನಿಮಿಷ ಕೂರುವ ಆ ರೋಲರ್ ಕೋಸ್ಟರ್ ಮಜಾ ಕೊಡುತ್ತದಾ ಅಥವಾ ಹೊಟ್ಟೆ ತೊಳೆಸುತ್ತದಾ ಅನ್ನುವುದು ಅದರ ಎತ್ತರದಿಂದ ತೀರ್ಮಾನ ಆಗುವುದಿಲ್ಲ. ನೀವು ಎಲ್ಲಿ ಕೂತಿರಿ, ಎತ್ತ ನೋಡುತ್ತಿದ್ದಿರಿ, ಬೆಳಿಗ್ಗೆ ಏನು ತಿಂದಿರಿ ಅನ್ನುವುದರಿಂದ ಆಗುತ್ತದೆ. ನಾವು ಇದನ್ನೆಲ್ಲ ತಪ್ಪು ಮಾಡಿಯೇ ಕಲಿತದ್ದು.

ಮೊದಲ ತಪ್ಪು ಸುರತ್ಕಲ್ಲಿನಲ್ಲೇ ಆಯಿತು. ರಜೆ ಅಂತ ಗೊತ್ತಿದ್ದರೂ ಬಸ್ಸು ಬುಕ್ ಮಾಡಲು ತಡ ಮಾಡಿದೆ. ಉಳಿದದ್ದು ಒಂದು ಸ್ಲೀಪರಿನ ಕೊನೆಯ ಸಾಲು, ಮೇಲಿನ ಬರ್ತು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಲು ಶುರುವಾದದ್ದೇ ನನ್ನ ಕಥೆ ಕೆಟ್ಟಿತು. ಹಿಂದಿನ ಚಕ್ರ ಒಂದು ಹೊಂಡಕ್ಕೆ ಇಳಿದು ಏರಿದರೆ ಚಕ್ರದಿಂದಲೂ ಹಿಂದೆ ಮಲಗಿರುವ ನಾನು ಅಷ್ಟಕ್ಕೆ ಎರಡು ಪಟ್ಟು ಹಾರುತ್ತಿದ್ದೆ, ತಿರುವಿನಲ್ಲಿ ಗೋಡೆಗೆ ಒತ್ತಿ ಹೋಗುತ್ತಿದ್ದೆ, ಕಣ್ಣೆದುರು ಮಾತ್ರ ಒಂದು ನೀಲಿ ಪರದೆ ಅಲುಗಾಡದೆ ನಿಂತಿತ್ತು. ಅದೇ ಕಾರಣ ನೋಡಿ. ಕಿವಿಯ ಒಳಗಿರುವ ಸಮತೋಲನದ ಅಂಗ "ತಿರುಗುತ್ತಿದ್ದೇವೆ" ಅನ್ನುತ್ತದೆ, ಕಣ್ಣು "ಇಲ್ಲಪ್ಪ, ಪರದೆ ಇಲ್ಲೇ ಉಂಟಲ್ಲ" ಅನ್ನುತ್ತದೆ. ಇಬ್ಬರ ಜಗಳದಲ್ಲಿ ಹೊಟ್ಟೆ ಬಡವಾಗುತ್ತದೆ. ಕೆಳಗಿನ ಬರ್ತಿನಿಂದ ಅಕ್ಕ ಒಂದು ಲಿಂಬೆಹಣ್ಣು ಮೇಲೆ ಕೊಟ್ಟು "ಮೂಸು ಮಾರಾಯ, ಮಕ್ಕಳ ಎದುರು ಮರ್ಯಾದೆ ತೆಗೀಬೇಡ" ಅಂದಳು. ಮರ್ಯಾದೆ ಸಕಲೇಶಪುರದ ತನಕವೂ ಉಳಿಯಲಿಲ್ಲ.

ಹಾಗಾಗಿ ಮಂಗಳೂರು, ಉಡುಪಿ ಕಡೆಯಿಂದ ಹೋಗುವವರಿಗೆ: ಬಸ್ಸಾದರೆ ಮಧ್ಯದ ಸೀಟು, ಎರಡು ಚಕ್ರಗಳ ನಡುವೆ, ಸಿಕ್ಕಿದರೆ ಕೆಳಗಿನ ಬರ್ತು. ವಾಂತಿಯ ಅಭ್ಯಾಸ ಇದ್ದವರು ಮಾತ್ರೆಯನ್ನು ಘಾಟಿಯಲ್ಲಿ ಅಲ್ಲ, ಬಸ್ಸು ಹತ್ತುವ ಅರ್ಧ ಗಂಟೆ ಮೊದಲೇ ತೆಗೆದುಕೊಳ್ಳಿ, ನಿದ್ದೆ ಬರುತ್ತದೆ, ರಾತ್ರಿ ಬಸ್ಸಿಗೆ ಅದು ಒಳ್ಳೆಯದೇ. ಆಗದಿದ್ದರೆ ರಾತ್ರಿ ರೈಲು. ಹಗಲಿನ ರೈಲಿನಲ್ಲಿ ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗೆ 57 ಸುರಂಗ, ನೋಡಲು ಚಂದ, ಆದರೆ ಒಂದು ದಿನ ಅದಕ್ಕೇ ಹೋಗುತ್ತದೆ. ಜೋರು ಮಳೆಗಾಲದಲ್ಲಿ ಈ ಪ್ರವಾಸವೇ ಬೇಡ, ಶಿರಾಡಿಯಲ್ಲಿ ಗುಡ್ಡ ಜರಿದರೆ ನಿಮ್ಮ ಟಿಕೆಟ್ ಹಾಳು.

ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು, ಒಂದು ರೂಮು ಹಿಡಿದು ಮುಖ ತೊಳೆದು, ನೇರಳೆ ಮೆಟ್ರೋದಲ್ಲಿ ಚಲ್ಲಘಟ್ಟದ ತನಕ ಹೋಗಿ ಅಲ್ಲಿಂದ ಟ್ಯಾಕ್ಸಿ. ಮೈಸೂರು ರಸ್ತೆಯ ಟ್ರಾಫಿಕ್ ಅರ್ಧ ಇದರಲ್ಲೇ ತಪ್ಪುತ್ತದೆ. ಭಾನುವಾರ ಮೆಟ್ರೋ 7 ಗಂಟೆಗೆ ಶುರು, ನೆನಪಿರಲಿ. ನಾವು ಹೋದದ್ದು ಮಂಗಳವಾರ.

ಪಾರ್ಕು ತೆರೆಯುವುದು 11ಕ್ಕೆ. ಕೈಯಲ್ಲಿ ಬೇಕಾದಷ್ಟು ಹೊತ್ತಿತ್ತು. ಬಿಡದಿಗೆ ಹೋಗಿ ತಟ್ಟೆ ಇಡ್ಲಿ ತಿನ್ನದೆ ಬರುವುದುಂಟಾ ಅಂತ ಭಾವ ನಾಲ್ಕು ತಿಂದರು, ಒಂದೊಂದರ ಮೇಲೂ ಬೆಣ್ಣೆ. ನನಗೆ ರಾತ್ರಿಯ ಪಾಠ ಆಗಿತ್ತು, ಒಂದಕ್ಕೇ ನಿಲ್ಲಿಸಿದೆ. ಪೂರ್ತಿ ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ, ತಲೆ ಸುತ್ತುತ್ತದೆ. ಒಂದು, ಹೆಚ್ಚೆಂದರೆ ಎರಡು ಇಡ್ಲಿ, ಎರಡು ಗಂಟೆ ಬಿಡುವು. ಬೆಣ್ಣೆ ಸಂಜೆ ವಾಪಸ್ ಬರುವಾಗ ತಿನ್ನಿ.

ಈಗ ಕೋಸ್ಟರ್ ವಿಷಯ. ಅಲ್ಲಿರುವ ದೊಡ್ಡದರ ಹೆಸರು ರಿಕಾಯಿಲ್. ಬೂಮರಾಂಗ್ ಅನ್ನುವ ಜಾತಿಯದು, ನೆದರ್‌ಲ್ಯಾಂಡ್ಸ್‌ನ ವೆಕೋಮಾ ಕಂಪನಿಯ ವಿನ್ಯಾಸ, ಜಗತ್ತಿನ ಎಷ್ಟೋ ಪಾರ್ಕುಗಳಲ್ಲಿ ಇದರ ಅಣ್ಣತಮ್ಮಂದಿರಿದ್ದಾರೆ. ಈ ಜಾತಿಯ ಸಾಮಾನ್ಯ ಅಳತೆ ಎತ್ತರ 35 ಮೀಟರ್ ಚಿಲ್ಲರೆ, ವೇಗ ಗಂಟೆಗೆ 75 ಕಿ.ಮೀ. ಆಸುಪಾಸು, ಹಳಿಯ ಉದ್ದ ಬರೀ 285 ಮೀಟರ್. ಹಳಿ ಸುತ್ತು ಹಾಕಿ ಬಂದು ಸೇರುವುದಿಲ್ಲ, ಎರಡು ತುದಿಯೂ ಆಕಾಶಕ್ಕೆ ಎದ್ದು ನಿಂತಿರುತ್ತವೆ. ಮೊದಲು ರೈಲನ್ನು ಹಿಂದಕ್ಕೆ ಎಳೆದು ಒಂದು ತುದಿಗೆ ಹತ್ತಿಸುತ್ತಾರೆ, ನೀವು ನೆಲ ನೋಡುತ್ತಾ ನೇತಾಡುತ್ತೀರಿ. ಬಿಟ್ಟ ಕೂಡಲೇ ಸ್ಟೇಷನ್ನಿನ ಒಳಗಿಂದಲೇ ನುಗ್ಗಿ ಮೂರು ಸಲ ತಲೆಕೆಳಗಾಗಿ ಇನ್ನೊಂದು ತುದಿ ಹತ್ತುತ್ತದೆ. ಅಲ್ಲಿ ಮತ್ತೆ ಮೇಲೆಳೆದು ಬಿಡುತ್ತಾರೆ. ಆಗ ಅದೇ ಹಳಿಯಲ್ಲಿ, ಅದೇ ಮೂರು ಪಲ್ಟಿ, ಬೆನ್ನು ಮುಂದಾಗಿ.

75 ಕಿ.ಮೀ. ಅಂದರೆ ಎಷ್ಟು? ಸುರತ್ಕಲ್‌ನಿಂದ ಉಡುಪಿಗೆ ಹೆದ್ದಾರಿಯಲ್ಲಿ ಭಾವ ಕಾರು ಬಿಡುವ ವೇಗ, ಹಿಂದೆ ಅಕ್ಕ ಗೊರಕೆ ಹೊಡೆಯುತ್ತಿರುತ್ತಾಳೆ. ವೇಗ ಒಂದೇ ಸಮ ಇದ್ದರೆ ಮೈಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಅದು ಬದಲಾಗುವಾಗ, ದಿಕ್ಕು ತಿರುಗುವಾಗ. ಈ ಬೂಮರಾಂಗ್‌ಗಳಲ್ಲಿ ಇಳಿದು ಪಲ್ಟಿಗೆ ಏರುವ ತಿರುವಿನಲ್ಲಿ ಮೈತೂಕ ಸುಮಾರು 5 ಪಟ್ಟು ಆಗುತ್ತದೆ, 60 ಕಿಲೋದವನು ಒಂದು ಕ್ಷಣಕ್ಕೆ 300 ಕಿಲೋ. ಕೆನ್ನೆ ಕೆಳಗೆ ಜಾರಿ ಹೋದ ಹಾಗೆ, ಗಲ್ಲ ಎದೆಗೆ ಅಂಟಿದ ಹಾಗೆ ಆಗುತ್ತದೆ. ಅದು ಒತ್ತುವ ಕಡೆಯ ಕಥೆ. ಎತ್ತುವ ಕಡೆಯದು ಬೇರೆ. ಹಳಿಯ ಗುಡ್ಡದ ನೆತ್ತಿ ದಾಟಿ ಕೆಳಗೆ ಬೀಳುವಾಗ ಸೀಟು ನಿಮ್ಮಿಂದ ಜಾರಿ ಹೋಗುತ್ತದೆ, ಹೊಟ್ಟೆಯೊಳಗೆ ಸಡಿಲವಾಗಿ ನೇತಾಡುವ ಜಠರ ಕರುಳು ಒಂದು ಕ್ಷಣ ತೂಕವಿಲ್ಲದೆ ತೇಲುತ್ತವೆ, ಅದೇ "ಝುಂ" ಅನ್ನುವುದು. ಕೋಸ್ಟರ್ ಹುಚ್ಚಿರುವವರು ಇದನ್ನು ಏರ್‌ಟೈಮ್ ಅನ್ನುತ್ತಾರೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿ ದೊಡ್ಡ ತೆರೆಯ ಮೇಲಿಂದ ಇಳಿಯುವಾಗ ಆಗುವುದೂ ಇದೇ, ನಮಗೆ ಹೊಸತೇನಲ್ಲ. ನನ್ನ ಮಟ್ಟಿಗೆ ಜಾಸ್ತಿ ಖುಷಿ ಎತ್ತುವುದರಲ್ಲಿ, ಸುಸ್ತು ಒತ್ತುವುದರಲ್ಲಿ. ರಿಕಾಯಿಲ್‌ನಲ್ಲಿ ಒತ್ತುವುದೇ ಜಾಸ್ತಿ.

ಅಕ್ಕನ ಮಗ 12ರವನು. ಕ್ಯೂ ಬಾಗಿಲಲ್ಲಿ ಎತ್ತರ ಅಳೆಯುತ್ತಾರೆ. ಅವನು ಕೂದಲನ್ನು ಎರಡು ಕೈಯಲ್ಲೂ ಮೇಲಕ್ಕೆ ಬಾಚಿ, ಚಪ್ಪಲಿಯೊಳಗೆ ಹಿಮ್ಮಡಿ ಎತ್ತಿ, ಉಸಿರು ಹಿಡಿದು ನಿಂತ. ಅಳೆಯುವವರು ನಕ್ಕು ಅವನ ತಲೆ ಮೇಲೆ ಅಂಗೈ ಇಟ್ಟು ಮೆಲ್ಲಗೆ ಕೆಳಗೆ ಒತ್ತಿದರು. ಎರಡು ಬೆರಳು ಕಮ್ಮಿ. ಅವನ ಮುಖ ನೋಡಲಾಗಲಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರು ಮನೆಯಲ್ಲೇ ಟೇಪು ಹಿಡಿದು ಅಳೆದು, ಪಾರ್ಕಿನ ಪಟ್ಟಿಯೊಂದಿಗೆ ನೋಡಿ, ಯಾವುದಕ್ಕೆ ಬಿಡುತ್ತಾರೆ ಯಾವುದಕ್ಕಿಲ್ಲ ಅಂತ ಮೊದಲೇ ಹೇಳಿಬಿಡಿ. ಆ ಎತ್ತರದ ಲೆಕ್ಕ ಸುಮ್ನೆ ಇಟ್ಟದ್ದಲ್ಲ, ಭುಜದ ಪಟ್ಟಿ ಮೈಗೆ ಸರಿಯಾಗಿ ಕೂರಬೇಕು.

ಭಾವ ಅವನ ಜೊತೆ ಹೊರಗೆ ಉಳಿದರು. ಮಗನಿಗೆ ಕಂಪನಿ ಅಂದರು. ನಾಲ್ಕು ತಟ್ಟೆ ಇಡ್ಲಿ ಅಂತ ಯಾರೂ ಹೇಳಲಿಲ್ಲ.

ಮೊದಲ ಸಲ ನಾನು ಮತ್ತು ಅಕ್ಕನ ಮಗಳು ತೀರಾ ಮುಂದಿನ ಸಾಲಿನಲ್ಲಿ ಕೂತೆವು. ಹೋಗುವಾಗ ಏನೂ ಹೆದರಿಕೆ ಆಗಲಿಲ್ಲ ಅಂದರೆ ನಂಬಬೇಕು. ಹಳಿ ಎತ್ತ ಬಾಗುತ್ತದೆ ಅಂತ ಕಣ್ಣಿಗೆ ಕಾಣುತ್ತದೆ, ಕುತ್ತಿಗೆ ತಾನಾಗಿ ತಯಾರಾಗುತ್ತದೆ, ಗಾಳಿ ನೇರ ಮುಖಕ್ಕೆ. ಎರಡನೇ ತುದಿ ಹತ್ತುವಾಗ ಮುಂದಿನ ಸಾಲಿನವರೇ ಎಲ್ಲರಿಗಿಂತ ಮೇಲೆ, ಬೆನ್ನು ನೆಲಕ್ಕೆ, ಎದುರಿಗೆ ಬರೀ ಮೋಡ. ಅಲ್ಲಿ ಹುಡುಗಿ ಕೇಳಿದಳು, "ಮಾಮ, ಇನ್ನು ಹಿಂದೆ ಹೋಗ್ತದಾ?" ಉತ್ತರ ಕೊಡುವ ಮೊದಲೇ ಬಿಟ್ಟರು.

ಅದೇ ಹಳಿ, ಅದೇ ಎತ್ತರ, ಅವೇ ಪಲ್ಟಿಗಳು. ಆದರೆ ಬೇರೆಯೇ ರೈಡು. ಮುಂದೇನು ಬರುತ್ತದೆ ಅಂತ ಕಾಣುವುದೇ ಇಲ್ಲ, ತಿರುವು ಬಂದ ಮೇಲೆ ಗೊತ್ತಾಗುತ್ತದೆ, ಅಷ್ಟರಲ್ಲಿ ತಲೆ ಭುಜದ ಪಟ್ಟಿಗೆ ಬಡಿದಾಗಿರುತ್ತದೆ. ನಾನು ಕೆಳಗೆ ಬಗ್ಗಿ ನೋಡಲು ಹೋದದ್ದೇ ತಪ್ಪು, ಕಿವಿಯ ಹಿಂದೆ ಸಂಜೆವರೆಗೂ ನೋವಿತ್ತು. ತಲೆಯನ್ನು ಹಿಂದಿನ ದಿಂಬಿಗೆ ಗಟ್ಟಿಯಾಗಿ ಒತ್ತಿ ಇಟ್ಟುಕೊಳ್ಳಿ, ಅಲುಗಾಡಿಸಲೇ ಬೇಡಿ. ಹುಡುಗಿಗೋ ಹಿಂದಕ್ಕೆ ಹೋದದ್ದೇ ಇಷ್ಟ, "ಹೋಗುವಾಗಿಂದು ಎಂತದ್ದೂ ಇಲ್ಲ ಮಾಮ" ಅಂದಳು. ಒಂದೇ ರೈಡಿನಲ್ಲಿ ಅಕ್ಕಪಕ್ಕ ಕೂತವರಿಗೆ ಇಷ್ಟು ವ್ಯತ್ಯಾಸ.

ಎರಡನೇ ಸಲ ಅಕ್ಕನನ್ನೂ ಹತ್ತಿಸಿ ಕೊನೆಯ ಸಾಲಿಗೆ ಹೋದೆವು. ಅಬ್ಬ. ಇಡೀ ರೈಲು ಎಳೆದುಕೊಂಡು ಹೋಗುವ ಬಾಲ ಅದು, ಮೊದಲ ಇಳಿತದಲ್ಲಿ ಅತಿ ಮೇಲಿಂದ ಬೀಳುವವರೂ ಕೊನೆಯವರೇ. ಮಾಮೂಲಿ ಗುಡ್ಡವಿರುವ ಕೋಸ್ಟರ್‌ಗಳಲ್ಲೂ ಮುಂದಿನ ಡಬ್ಬಿಗಳು ಆಗಲೇ ಇಳಿಯುತ್ತಿರುವುದರಿಂದ ಹಿಂದಿನವರನ್ನು ನೆತ್ತಿಯ ಮೇಲಿಂದ ಬೀಸಿ ಎಳೆಯುತ್ತದೆ. ಅಮೆರಿಕದ ಮಿಷಿಗನ್‌ನ ವೈದ್ಯ ಡೇವಿಡ್ ವಾರ್ಟಿಂಗರ್ ಇದನ್ನು ಕಿಡ್ನಿ ಕಲ್ಲಿನಲ್ಲಿ ಪರೀಕ್ಷೆ ಮಾಡಿದ್ದಾರೆ, ತಮಾಷೆ ಅಲ್ಲ. ಕಲ್ಲು ತುಂಬಿಸಿದ ಕಿಡ್ನಿಯ ಮಾದರಿಯೊಂದನ್ನು ಬ್ಯಾಗಿನಲ್ಲಿಟ್ಟು ಫ್ಲೋರಿಡಾದ ಡಿಸ್ನಿ ಪಾರ್ಕಿನ ಕೋಸ್ಟರ್ ಒಂದರಲ್ಲಿ 20 ಸಲ ಸುತ್ತಾಡಿಸಿದರು. 2016ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಹಿಂದಿನ ಸೀಟಿನಲ್ಲಿ ಕಲ್ಲು ಜಾರಿದ್ದು ಸುಮಾರು ಶೇ. 64, ಮುಂದಿನ ಸೀಟಿನಲ್ಲಿ ಶೇ. 17. 2018ರಲ್ಲಿ ಅದಕ್ಕೆ ನಗೆಯ ನೊಬೆಲ್ ಅನ್ನುವ ಇಗ್ ನೊಬೆಲ್ ಕೂಡ ಸಿಕ್ಕಿತು. ಹಾಗಂತ ಬಾಳೆದಿಂಡಿನ ಪಲ್ಯ ಬಿಟ್ಟು ಬಿಡದಿಗೆ ಓಡಬೇಡಿ. ಹಿಂದಿನ ಸೀಟು ಎಷ್ಟು ಕುಲುಕುತ್ತದೆ ಅನ್ನುವುದಕ್ಕೆ ಹೇಳಿದೆ ಅಷ್ಟೇ. ಶಿರಾಡಿಯ ರಾತ್ರಿ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಕ್ಕ ಹತ್ತುವಾಗಲೇ ಕಣ್ಣು ಮುಚ್ಚಿದ್ದಳು, ಇಳಿದ ಮೇಲೆ ತೆರೆದಳು, ತೆರೆದವಳು ಅಲ್ಲೇ ಕಟ್ಟೆಯಲ್ಲಿ ಕೂತಳು. ಹೆದರುವವರೆಲ್ಲ ಮಾಡುವುದು ಇದನ್ನೇ, ಮಾಡಬಾರದ್ದೂ ಇದನ್ನೇ. ಕಣ್ಣು ಮುಚ್ಚಿದರೆ ಕಿವಿಯೊಳಗಿನದ್ದು ಒಂದೇ ಕಾರುಬಾರು ಮಾಡುತ್ತದೆ, ಯಾವುದು ಮೇಲೆ ಯಾವುದು ಕೆಳಗೆ ಅಂತ ಸರಿಪಡಿಸಲು ಯಾರೂ ಇಲ್ಲ. ಕಣ್ಣು ತೆರೆದಿಡಿ, ದೂರ ನೋಡಿ, ಉಸಿರು ಕಟ್ಟಬೇಡಿ. ಕಿರುಚಿದರೆ ಉಸಿರು ತಾನಾಗಿ ಆಡುತ್ತದೆ, ನಾಚಿಕೆ ಬೇಡ, ಅಲ್ಲಿ ಎಲ್ಲರೂ ಕಿರುಚುವವರೇ. ತೂಕ ಒತ್ತುವಾಗ ಹೊಟ್ಟೆ, ತೊಡೆ ಬಿಗಿ ಹಿಡಿದರೆ ಕಣ್ಣಿಗೆ ಕತ್ತಲೆ ಬರುವುದು ಕಮ್ಮಿ, ಯುದ್ಧ ವಿಮಾನದವರೂ ಹೀಗೇ ಮಾಡುತ್ತಾರೆ. ಎದೆ, ಬಿಪಿ, ಬೆನ್ನು, ಕುತ್ತಿಗೆ ತೊಂದರೆ ಇದ್ದವರು ಮತ್ತು ಬಸುರಿಯರು ಹತ್ತಲೇಬಾರದು.

ಅಂದ ಹಾಗೆ ಆ ಪಲ್ಟಿಯ ಬಳೆ ನೋಡಲು ಗುಂಡಗಿದೆ ಅನಿಸುತ್ತದೆ, ಅಲ್ಲ. ಕೆಳಗಿಂದ ನಿಂತು ಗಮನಿಸಿ, ನೀರಿನ ಹನಿಯ ಆಕಾರ. ಅಮೆರಿಕದ ಕೋನಿ ಐಲೆಂಡ್‌ನಲ್ಲಿ 1895ರ ಸುಮಾರಿಗೆ ಪೂರ್ತಿ ಗುಂಡಗಿನ ಬಳೆ ಮಾಡಿದ್ದರು, ವೇಗ ಜಾಸ್ತಿ ಇರುವ ಕೆಳಭಾಗದಲ್ಲಿ ತಿರುವು ಒಮ್ಮೆಲೇ ಬಂದು ಜನರ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ಹನಿಯ ಆಕಾರದಲ್ಲಿ ಕೆಳಗೆ ಬಾಗು ದೊಡ್ಡದು, ಮೇಲೆ ರೈಲು ನಿಧಾನ ಆಗುವಲ್ಲಿ ಚಿಕ್ಕದು. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್‌ನಲ್ಲಿ ಶ್ವಾರ್ಜ್‌ಕಾಫ್ ಮತ್ತು ಸ್ಟೆಂಗೆಲ್ ಅನ್ನುವ ಜರ್ಮನ್ನರು ಹೀಗೆ ಕಟ್ಟಿದ ಮೇಲೆ ತಲೆಕೆಳಗಾಗುವುದು ಮಜಾ ಆಯಿತು.

ದಿನದ ಲೆಕ್ಕ ಹೀಗೆ ಇಟ್ಟುಕೊಳ್ಳಿ: ಗೇಟು ತೆರೆದ ಕೂಡಲೇ ನೇರ ಕೋಸ್ಟರಿಗೆ, ಮುಂದಿನ ಸಾಲು ಬೇಕು ಅಂತ ಮೆಲ್ಲಗೆ ಕೇಳಿ, ಇನ್ನೊಂದು ಟ್ರಿಪ್ಪಿಗೆ ಕಾಯಲು ತಯಾರಿರಿ. ಮೊದಲ ಸಲ ಮುಂದೆ, ಧೈರ್ಯ ಬಂದರೆ ಹಿಂದೆ. ಗರಗರ ತಿರುಗಿಸುವ ರೈಡುಗಳನ್ನು ಒಂದರ ಹಿಂದೆ ಒಂದು ಹತ್ತಬೇಡಿ, ಕೋಸ್ಟರಿಗಿಂತ ಜಾಸ್ತಿ ಹೊಟ್ಟೆ ತೊಳೆಸುವುದು ಅವೇ. ಒಣ ಆಟ ಮುಗಿಸಿ ಊಟ, ಊಟದ ಮೇಲೆ ನೀರಿನ ಆಟ. ನೀರಿಗೆ ಹತ್ತಿ ಬಟ್ಟೆಯಲ್ಲಿ ಬಿಡುವುದಿಲ್ಲ, ನೈಲಾನಿನದ್ದು ಮನೆಯಿಂದಲೇ ಒಯ್ಯಿರಿ. ಮನೆಯ ತಿಂಡಿ ಒಳಗೆ ಬಿಡುವುದಿಲ್ಲ, ಅಕ್ಕನ ಚಕ್ಕುಲಿ ಡಬ್ಬಿ ಹೊರಗೇ ಉಳಿಯಿತು. ಕನ್ನಡಕ, ಫೋನು ಲಾಕರಿನಲ್ಲಿ.

ಇಷ್ಟು ದೂರ ಹೋಗುವ ಮೊದಲು ಪರೀಕ್ಷೆ ಬೇಕಾದರೆ ಡಿಸೆಂಬರಿನಲ್ಲಿ ಮಂಗಳೂರಿನ ಕರಾವಳಿ ಉತ್ಸವದ ಮೈದಾನಕ್ಕೆ ಹೋಗಿ ಕೊಲಂಬಸ್, ಅಂದರೆ ಆ ತೂಗುವ ದೋಣಿ, ಹತ್ತಿ. ನಡುವಿನ ಸೀಟಿನಲ್ಲಿ ಏನೂ ಆಗುವುದಿಲ್ಲ, ಎರಡು ತುದಿಯಲ್ಲಿ ಝುಂ. ತುದಿಯಲ್ಲಿ ಕೂತು ನಗುತ್ತಾ ಇಳಿದರೆ ಬಿಡದಿಗೆ ಟಿಕೆಟ್ ಮಾಡಬಹುದು.

ವಾಪಸ್ ಬರುವ ಬಸ್ಸಿಗೆ ನಾನು ಮಧ್ಯದ ಸಾಲು, ಕೆಳಗಿನ ಬರ್ತು ಹಿಡಿದಿದ್ದೆ. ಶಿರಾಡಿ ಯಾವಾಗ ಇಳಿದೆವು ಅಂತಲೇ ಗೊತ್ತಾಗಲಿಲ್ಲ. ಬೆಳಿಗ್ಗೆ ಮಂಗಳೂರಿನ ಬಿಜೈಯಲ್ಲಿ ಇಳಿದು ಸುರತ್ಕಲ್ಲಿನ ಸಿಟಿ ಬಸ್ಸು ಹತ್ತಿದರೆ ಅರ್ಧ ಬಸ್ಸು ಖಾಲಿ. ಹುಡುಗ ಯಾರನ್ನೂ ಕೇಳದೆ ನೇರ ಕೊನೆಯ ಸೀಟಿಗೆ ಹೋಗಿ ನಡುವಿನಲ್ಲಿ ಕೂತ. ಕೂಳೂರು ದಾಟುವ ತನಕವೂ ರಸ್ತೆಯ ಪ್ರತಿ ಹಂಪ್‌ಗೆ ಎರಡು ಕೈ ಮೇಲೆತ್ತುತ್ತಿದ್ದ. ಆ ಸೀಟಿಗೆ ಯಾರೂ ಎತ್ತರ ಅಳೆಯುವುದಿಲ್ಲ.